ಸಮುವೇಲಣ್ಣನ ಕಂಬಳಿಗೆ ಬಂದ ವಾರಸುದಾರರು

ನಂಬಲಿಕ್ಕೆ ಆಗುತ್ತಿಲ್ಲ ಗೆಳೆಯರೇ...

ಮುಂಜಾನೆ ಖಾದರಸಾಬ ಫೋನ್ ಮಾಡಿ, "ಸಮುವೇಲಣ್ಣ ಹೋದ್ನಪಾ" ಎಂದ.
ನಾನು ಚಹಾ ಕುಡಿಯುತ್ತಲೇ ಯಾವ ಊರಿಗೆ ಎಂದು ಕೇಳಿದೆ...
ಆ ಮನುಷ್ಯ ಯಾವಾಗಲೂ ಎಲ್ಲಿಗೋ ಹೊರಟೇ ಇರುತ್ತಿದ್ದ. ಇಂಡಿ, ಸಿಂದಗಿ, ಮುದ್ದೇಬಿಹಾಳ... ಯಾರದೋ ಮನೆಯಲ್ಲಿ ಪ್ರಾರ್ಥನೆ, ಯಾರದೋ ಮನೆಯಲ್ಲಿ ಸಾವು.
ಆ ಕಡೆ ಖಾದರಸಾಬ ಅಳತೊಡಗಿದ.
ಆಗ ತಿಳಿಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ಸಮುವೇಲಣ್ಣ ಮನಗೂಳಿಯ ನಮ್ಮ ಪ್ರಾರ್ಥನಾ ಮನೆಯ ಹಿರಿಯ. ಹೊಟ್ಟೆಪಾಡಿಗೆ ನೀರಿನ ಮೋಟಾರ್ ರಿಪೇರಿ. ಅದೇ ಅಂಗಡಿಯಲ್ಲಿ ಅವನ ಎದುರಿಗೆ ಕೂತು ತಂತಿ ಸುತ್ತಿ ದೊಡ್ಡವನಾದವನು ನಾನು. ಖಾದರಸಾಬ ನಮ್ಮ ಪಕ್ಕದ ಗ್ಯಾರೇಜಿನವನು.

ಅಣ್ಣನ ಒಂದು ಕೆಲಸವನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ.
ನಮ್ಮ ಸಭೆಯವರು ಯಾರೇ ತೀರಿಕೊಳ್ಳಲಿ... ಹೆಣಕ್ಕೆ ಸ್ನಾನ ಮಾಡಿಸುವವನು ಅವನೇ.
ಮನೆಯವರೇ ಮೂಗು ಮುಚ್ಚಿಕೊಂಡು ಹೊರಗೆ ನಿಂತಲ್ಲಿಗೂ ಹೋಗುತ್ತಿದ್ದ. ಶವಪೆಟ್ಟಿಗೆ ಬರುವವರೆಗೆ ತನ್ನ ಕರಿಕಂಬಳಿಯನ್ನೇ ಹೆಣಕ್ಕೆ ಹೊದಿಸುತ್ತಿದ್ದ. ಆಮೇಲೆ ಅದನ್ನು ಒಗೆದು ತಾನೇ ಹೊದೆಯುತ್ತಿದ್ದ.

ಹೇಳಬೇಕಾದದ್ದು ಇಷ್ಟೇ ಆಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ.
ಆದರೆ ಇವತ್ತು ಆ ಮನೆಯಲ್ಲಿ ಕಂಡದ್ದನ್ನು ಹೇಳದೆ ಇರಲಾರೆ...

ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಎರಡು ಕಾರು.
ಒಂದರಲ್ಲಿ ಸಿಂದಗಿ ಕಡೆಯ ಪಾಸ್ಟರ್. ಇನ್ನೊಂದರಲ್ಲಿ ಮುದ್ದೇಬಿಹಾಳ ಕಡೆಯ ಬ್ರದರ್. ಇಬ್ಬರೂ ಅಣ್ಣನ ಹತ್ತಿರ ಪ್ರಾರ್ಥನೆ ಕಲಿತವರು. ಈಗ ಇಬ್ಬರಿಗೂ ಬೇರೆ ಬೇರೆ ಸಭೆ, ಬೇರೆ ಮೈಕು, ಬೇರೆ ಚಾನೆಲ್.
ಅಣ್ಣ ನಿದ್ದೆಯಲ್ಲೇ ಹೋದವನು... ಹೊದ್ದ ಕಂಬಳಿಯಲ್ಲೇ ಪಡಸಾಲೆಯಲ್ಲಿ ಮಲಗಿದ್ದ. ಇನ್ನೂ ಸ್ನಾನ ಆಗಿರಲಿಲ್ಲ.

ಬೈಬಲಿನ ಪ್ರವಾದಿಯೊಬ್ಬ ಸ್ವರ್ಗಕ್ಕೆ ಹೋಗುವಾಗ ಅವನ ಕಂಬಳಿ ಶಿಷ್ಯನಿಗೆ ಸಿಕ್ಕಿತು, ಗುರುವಿನ ಆತ್ಮಶಕ್ತಿಯಲ್ಲಿ ಎರಡು ಪಾಲೂ ಸಿಕ್ಕಿತು ಎಂಬ ಕಥೆ ಹೇಳಿ ನಮ್ಮ ಅಜ್ಜಿಯರು ಮಕ್ಕಳನ್ನು ಮಲಗಿಸುತ್ತಾರೆ.
ಇವರಿಬ್ಬರು ಅದನ್ನು ಕೇಳಿ ಎದ್ದು ಕೂತವರು.

ಪಾಸ್ಟರ್ ಫೋನಿನಲ್ಲಿ ಲೈವ್ ಹಚ್ಚಿಸಿ, ಆತ್ಮಿಕ ಬಾಧ್ಯತೆ, ಅಂದರೆ ಅಣ್ಣನ ವಾರಸು, ಸ್ವೀಕರಿಸುತ್ತಿದ್ದೇನೆ ಎಂದು ಕಂಬಳಿಯ ಒಂದು ಅಂಚು ಹಿಡಿದ.
ಬ್ರದರ್ ಇನ್ನೊಂದು ಅಂಚು ಹಿಡಿದ. ಅಣ್ಣ ಕನಸಿನಲ್ಲಿ ಬಂದು ಅದನ್ನು ತನಗೇ ಕೊಟ್ಟಿದ್ದಾನಂತೆ.
ನಮ್ಮ ಕಡೆಯ ಕಂಬಳಿ ಗೊತ್ತಲ್ಲ, ಎರಡು ಪಟ್ಟಿ ನೇಯ್ದು ನಡುವೆ ಹೊಲಿದದ್ದು.
ಇಬ್ಬರೂ ಎಳೆದರು...
ಹೊಲಿಗೆ ಬಿಚ್ಚಿತು. ಇಬ್ಬರ ಕೈಗೂ ಒಂದೊಂದು ಪಟ್ಟಿ.
ಅಣ್ಣ ಹರಕು ಬನಿಯನ್ನಿನಲ್ಲಿ ಬಿದ್ದಿದ್ದ... ಎಲ್ಲರ ಎದುರಿಗೆ.
ಸುತ್ತ ಸೇರಿದ್ದ ಜನ "ದೇವರಿಗೆ ಸ್ತೋತ್ರ" ಎಂದರು.

"ಪಾಲು ಸರಿಯಾತು ಬಿಡ್ರಿ, ಕೋರ್ಟಿಗೆ ಹೋಗೂದು ತಪ್ಪಿತು" ಎಂದ ಖಾದರಸಾಬ.

ಅಣ್ಣಾ...
ದೇವರ ಮಕ್ಕಳಾದ ಮೇಲೆ ದೇವರ ಆಸ್ತಿಗೂ ನಾವೇ ವಾರಸುದಾರರು ಎಂದು ಇವರಿಗೆ ಕಲಿಸಿದವನು ನೀನೇ ಅಲ್ಲವೇ?
ಆ ಆಸ್ತಿ ಯಾವಾಗ ಕೈಗೆ ಬರುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. ನೀನು ಸುಟ್ಟ ಮೋಟಾರಿನ ತಂತಿ ಕೀಳುತ್ತಾ, "ಅದು ಪೆಟ್ಟಿಗ್ಯಾಗ ಇಡೂ ಆಸ್ತಿ ಅಲ್ಲೋ ತಮ್ಮಾ, ಕೈಗೆ ಕೆಲಸ ಹಚ್ಚೂ ಆಸ್ತಿ" ಎಂದಿದ್ದೆ.
ಇವರು ಅದನ್ನು ಕುರಿಯ ಉಣ್ಣೆಯಲ್ಲಿ ಹುಡುಕುತ್ತಿದ್ದರು... ನಿನ್ನ ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.
ಥೂ.

ಆಗ ಒಳಗಿನಿಂದ ಅಣ್ಣನ ಹೆಂಡತಿ, ನಮ್ಮ ಮಾರ್ತಾ ವೈನಿ, ಹೊರಗೆ ಬಂದಳು. ಅಳುತ್ತಿರಲಿಲ್ಲ.
"ನೀರು ಕಾದಾವು" ಎಂದಳು. "ವಾರಸುದಾರರು ಯಾರರಿ? ಬರ್ರಿ, ಮೈ ತೊಳೀರಿ."

ತನಗೆ ಅಭಿಷೇಕ ಆಗಿರುವುದು ದೇವರ ವಾಕ್ಯ ಸಾರುವುದಕ್ಕೆ, ಇಂಥ ಸೇವೆಗಲ್ಲ ಎಂದ ಪಾಸ್ಟರ್.
ಇದು ಮನೆಯವರ ಕೆಲಸ, ಹೊರಗಿನವರು ಕೈ ಹಾಕಬಾರದು ಎಂದ ಬ್ರದರ್. ಕಂಬಳಿಗೆ ಕೈ ಹಾಕುವಾಗ ಅವನು ಹೊರಗಿನವನಾಗಿರಲಿಲ್ಲ.

ವೈನಿ ತಲೆಯಾಡಿಸಿದಳು.
"ಆತು. ಕಂಬಳಿ ಮಾತ್ರ ಛಲೋತ್ನಾಗಿ ಒಗದು ಹೊದ್ಕೋರಿ. ಹೋದ ವಾರ ಅದನ್ನ ಹೊಚ್ಚಿದ್ದು ಲಚ್ಯಾಣದ ಮುದುಕಗ. ಮೈತುಂಬ ಹುಣ್ಣಾಗಿ ಸತ್ತಿದ್ದ. ಅದಕ್ಕೂ ಮೊದಲ ಎಷ್ಟ ಹೆಣ ಅದರಾಗ ಮಲಗ್ಯಾವೋ, ನನಗ ನೆನಪಿಲ್ಲ."

ಎರಡೂ ಪಟ್ಟಿ ಒಟ್ಟಿಗೇ ನೆಲಕ್ಕೆ ಬಿದ್ದವು...
ಪಾಸ್ಟರ್ ಕಾರಿನಿಂದ ಸ್ಯಾನಿಟೈಸರ್ ತರಿಸಿದ. ಬ್ರದರ್ ಅದಕ್ಕೂ ಕೈ ಚಾಚಿದ. ಅದೊಂದನ್ನು ಮಾತ್ರ ಇಬ್ಬರೂ ಜಗಳವಿಲ್ಲದೆ ಹಂಚಿಕೊಂಡರು.
ಅಷ್ಟರಲ್ಲಿ ಲೈವ್ ಬಂದ್ ಆಗಿತ್ತು.

ನನ್ನ ಹೇಸಿಗೆ ಅವರಿಬ್ಬರಿಗೇ ಮುಗಿಯುವುದಿಲ್ಲ ಗೆಳೆಯರೇ. "ಸ್ತೋತ್ರ" ಎಂದವರು ನಮ್ಮವರೇ...
ಯಾರ ಅಭಿಷೇಕ ಯಾರಿಗೆ ಬಂತು ಎಂದು ಸ್ಟೇಟಸ್ ಹಾಕುತ್ತೇವೆ. ಲಚ್ಯಾಣದ ಮುದುಕನ ಮನೆಗೆ ಬನ್ನಿ ಎಂದು ಅಣ್ಣ ಕರೆದಾಗ ನಮಗೆ ಯಾರಿಗೂ ಬಸ್ ಸಿಗಲಿಲ್ಲ.

ಕೊನೆಗೆ ನಾನು, ಖಾದರಸಾಬ, ವೈನಿ... ಮೂವರೇ ಅವನನ್ನು ಬಚ್ಚಲಿಗೆ ಎತ್ತಿಕೊಂಡು ಹೋದೆವು.
ಹೊರಗೆ ಮೈಕಿನಲ್ಲಿ ಬಾಧ್ಯತೆಯ ಮೇಲೆ ಪ್ರಸಂಗ ಶುರುವಾಗಿತ್ತು.

ನಾನು ತಂಬಿಗೆ ಎತ್ತಿದೆ. ವೈನಿ ನನ್ನ ಕೈ ಹಿಡಿದಳು.
"ಸುಮ್ಮ ಹಾಕಬ್ಯಾಡ ತಮ್ಮಾ. ನಮ್ಮನಿಯವರು ಹೇಳಿ ಹಾಕ್ತಿದ್ರು. ಹೇಳದ ಯಾರ ಮೈನೂ ಮುಟ್ಟತಿದ್ದಿಲ್ಲ."

ಇಷ್ಟು ವರ್ಷ ಎದುರಿಗೆ ಕೂತಿದ್ದರೂ ಇದು ನನಗೆ ಗೊತ್ತಿರಲಿಲ್ಲ.
ಹೇಗೆ ಹೇಳುವುದೆಂದು ತಿಳಿಯದೆ ತಂಬಿಗೆಯನ್ನು ಕಾಲಿನ ಕಡೆ ತಂದೆ...
ಖಾದರಸಾಬ ಬಗ್ಗಿ ಅಣ್ಣನ ಕಿವಿಯ ಹತ್ತಿರ ಹೇಳಿದ.
"ಸಮುವೇಲಣ್ಣಾ, ಕಾಲಿಗೆ ನೀರು ಹಾಕ್ತೇವಿ. ಸ್ವಲ್ಪ ಬಿಸಿ ಅದಾವು."

ಬೆನ್ನಿಗೂ ಅವನೇ ಹೇಳಿದ.
ತಲೆಗೆ ಹಾಕುವಾಗ ನಾನು ಹೇಳಿದೆ.

ನಾಳೆ ಮುಂಜಾನೆ ಮನಗೂಳಿಯಲ್ಲಿ ಮಣ್ಣು. ಬರುವವರು ಫೋನನ್ನು ಜೇಬಿನಲ್ಲೇ ಇಟ್ಟುಕೊಂಡು ಬನ್ನಿ.

ಹೋಗಿ ಬಾ ಅಣ್ಣಾ...
ನಿನ್ನನ್ನು ಕಳಿಸಿದವನ ಮನೆಯಲ್ಲಿ ನಿನ್ನ ಆತ್ಮ ತಣ್ಣಗಿರಲಿ.