ಮಾವ ಎಂದರೆ ಯಾರು ಎಂದು ಕೇಳಿ ಬಂದ ಕಾಗದ

ಕೆಂಗಲ್ ಆಂಜನೇಯನನ್ನು ನಂಬಿದ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ತಿಪ್ಪಸಂದ್ರದ ಕಡೆಯ ಹೆಣ್ಣುಮಗಳೊಬ್ಬಳು ಕೈಮುಗಿದು ಬರೆಯುವುದು.

ಹೋದ ವರ್ಷ ಆಷಾಢ ಕಳೆಯುವ ಹೊತ್ತಿಗೆ ನನ್ನ ವೀಸಾ ಅರ್ಜಿಯ ಮೇಲೆ ಒಂದು ಕಾಗದ ಬಂತು. ನೀವಿಬ್ಬರೂ ಗಂಡ ಹೆಂಡತಿಯಾಗಿ ಬಾಳುತ್ತಿರುವುದು ನಮಗೆ ನಂಬಿಕೆಯಾಗಿಲ್ಲ, ಮೂರು ವಾರದೊಳಗೆ ಸಮಜಾಯಿಷಿ ಕೊಡಿ, ಇಲ್ಲವಾದರೆ ಅರ್ಜಿ ವಜಾ, ಅಂತ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದವಳಿಗೆ ಬಂದ ಕಾಗದ ಅದು.

ನಮ್ಮ ಯಜಮಾನರು ನ್ಯೂಜಿಲೆಂಡಿನ ಒಂದು ಹಸುವಿನ ಫಾರಂಗೆ ಕೆಲಸಕ್ಕೆ ಹೋಗಿ ಆಗ ಮೂರು ವರ್ಷ. ನಮಗೆ ಮಕ್ಕಳಿಲ್ಲ. ಅವರ ತಂದೆ, ನಾನು ಅಯ್ಯ ಅನ್ನುತ್ತಿದ್ದೆ, ತೀರಿಕೊಂಡು ಬಹಳ ವರ್ಷವಾಯಿತು. ಮನೆಯಲ್ಲಿ ನಾನು, ಎರಡು ಕುರಿ. ಫಾರಂನಲ್ಲಿ ಸಂಜೆಯಾದಾಗ ಊರಿನಲ್ಲಿ ಮಧ್ಯಾಹ್ನ. ಆಗ ಫೋನ್ ಬರುತ್ತಿತ್ತು. ಹತ್ತು ನಿಮಿಷದ ಮಾತು. ಆಮೇಲೆ ಮಾರನೇ ಮಧ್ಯಾಹ್ನದವರೆಗೆ ಮಾತಾಡಲು ಯಾರೂ ಇಲ್ಲ. ಅದಕ್ಕೇ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡುತ್ತಿದ್ದೆ. ‘ಮಾವ ಫೋನ್ ಮಾಡಿದ್ದರು. ಕಾಲು ನೋವಂತೆ. ಹುರುಳಿ ಬಸ್ಸಾರು ಮಾಡಿದ್ದೆ, ಒಬ್ಬಳಿಗೆ ಹೆಚ್ಚಾಯಿತು.’ ಇಷ್ಟೇ.

ನಾನೂ ಅವರ ಹತ್ತಿರ ಹೋಗಿರಲು ಚನ್ನಪಟ್ಟಣದ ವಕೀಲರೊಬ್ಬರಿಂದ ಅರ್ಜಿ ಹಾಕಿಸಿದ್ದೆವು. ನೀವಿಬ್ಬರೂ ದಿನಾ ಮಾತಾಡುತ್ತೀರಿ ಅನ್ನುವುದಕ್ಕೆ ಪುರಾವೆ ಬೇಕು ಅಂದಾಗ ನಾಚಿಕೊಂಡೇ ಆ ಮೂರು ನೋಟ್‌ಬುಕ್ ಕೊಟ್ಟಿದ್ದೆ. ಅವರು ಯಾರಿಂದಲೋ ಇಂಗ್ಲಿಷಿಗೆ ಮಾಡಿಸಿ ಲಗತ್ತಿಸಿದ್ದರು.

ಕಾಗದ ಬಂದಾಗ ಓಡಿದೆ. ತಿಪ್ಪಸಂದ್ರದಿಂದ ಮಾಗಡಿಗೊಂದು ಬಸ್ಸು, ಅಲ್ಲಿಂದ ರಾಮನಗರಕ್ಕೊಂದು, ಅಲ್ಲಿಂದ ಚನ್ನಪಟ್ಟಣಕ್ಕೆ. ವಕೀಲರು ಮೊದಲ ಪುಟದ ಮೇಲೆ ಕಣ್ಣಾಡಿಸಿ, “ಏನಿಲ್ಲ ಕಣಮ್ಮ, ಎಲ್ಲಾರ್ಗೂ ಹಿಂಗೇ ಕೇಳ್ತಾರೆ. ಇನ್ನೊಂದೆರಡು ಮದುವೆ ಫೋಟೋ ಕಳ್ಸಣ” ಅಂದರು. ಕಳಿಸಿದೆವು. ಫೋಟೋ ಸಾಲದು, ಕೇಳಿದ್ದಕ್ಕೆ ಉತ್ತರ ಕೊಡಿ ಅಂತ ವಾಪಸ್ ಬಂತು. ಕಾಗದ ಇಂಗ್ಲಿಷಿನಲ್ಲಿ; ಕೇಳಿದ್ದೇನು ಅಂತಲೇ ನನಗೆ ಗೊತ್ತಿರಲಿಲ್ಲ. ಹತ್ತು ದಿನ ಹಾಗೇ ಹೋಯಿತು.

ಮಧ್ಯಾಹ್ನ ಫೋನಿನಲ್ಲಿ ಯಜಮಾನರು, “ಆಗ್ನಿಲ್ಲ ಅಂದ್ರೆ ಹೋಗ್ಲಿ ಬುಡು, ನಾನೇ ಬಂದ್ಬುಡ್ತೀನಿ” ಅಂದರು. ಕರಾರು ಮುಗಿಯಲು ಇನ್ನೂ ಎರಡು ವರ್ಷ ಇತ್ತು, ಬರಲಾರರು ಅಂತ ಇಬ್ಬರಿಗೂ ಗೊತ್ತಿತ್ತು. ಅವತ್ತು ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ. ನನ್ನ ಬಾಳನ್ನು ಯಾರೋ ಓದಿ, ಇದು ಸುಳ್ಳು ಅಂದಮೇಲೆ ಬರೆದೇನು ಪ್ರಯೋಜನ?

ಶ್ರಾವಣದ ಮೊದಲ ಶನಿವಾರ ಮತ್ತೆ ವಕೀಲರ ಹತ್ತಿರ ಹೊರಟವಳು ದಾರಿಯಲ್ಲಿ ಕೆಂಗಲ್‌ನಲ್ಲಿ ಇಳಿದುಬಿಟ್ಟೆ. ಸ್ವಾಮಿಯ ಮುಂದೆ ನಿಂತು, “ಸಮುದ್ರ ದಾಟಿ ಸೀತಮ್ಮನಿಗೆ ಗುರುತು ತಲುಪಿಸಿದೋನು ನೀನು. ನಾನು ಅವರ ಹೆಂಡ್ತಿ ಅನ್ನೋದಕ್ಕೆ ಒಂದು ಗುರುತು ತೋರ್ಸಪ್ಪ” ಅಂತ ಬೇಡಿಕೊಂಡೆ. ಹೊರಗೆ ಜಗಲಿಯ ಮೇಲೆ ಕೂತೆ. ಎಲ್ಲರೂ ಜೋಡಿಜೋಡಿಯಾಗಿ ಬಂದಿದ್ದರು.

ಪಕ್ಕದಲ್ಲಿ ಹಳ್ಳಿ ಕಡೆಯ ಒಂದು ಹುಡುಗಿ ಕೂಗಿದಳು: “ಮಾವ, ಚಪ್ಲಿ ಒಸಿ ನೋಡ್ಕಳಿ, ತೀರ್ಥ ಇಸ್ಕಂಡ್ ಬತ್ತೀನಿ!”

ಬೆಂಗಳೂರಿನಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಅಲ್ಲೇ ಕೂತಿದ್ದರು. “ನಿಮ್ಮ ಮಾವನವ್ರು ಎಷ್ಟು ಚಿಕ್ಕವರಾಗಿ ಕಾಣ್ತಾರಮ್ಮ!” ಅಂದರು.

“ಅಯ್ಯೋ, ಅದು ನನ್ ಗಂಡ ಕಣಕ್ಕ! ನಮ್ ಕಡೆ ಗಂಡನ್ನೇ ಮಾವ ಅನ್ನದು. ಹೆಸ್ರು ಹೇಳ್ತಾರಾ ಎಲ್ಲಾರ?”

ಅವನು ಚಪ್ಪಲಿ ಹಿಡಿದುಕೊಂಡೇ, “ನಾಳಿಂದ ನಂಗೊಂದು ಊರುಗೋಲು ತಕ್ಕೊಡೇ” ಅಂದ. ಸುತ್ತ ಕೂತಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನನ್ನ ನೋಟ್‌ಬುಕ್ಕುಗಳು ನೆನಪಾದವು. ಚೀಲದಿಂದ ಕಾಗದವನ್ನೂ ಅವುಗಳ ಇಂಗ್ಲಿಷ್ ಪ್ರತಿಯನ್ನೂ ತೆಗೆದು ಆ ಬೆಂಗಳೂರಿನಮ್ಮನ ಕೈಗಿಟ್ಟೆ. “ಅಮ್ಮಾ, ಒಸಿ ಓದಿ ಹೇಳಿ.”

ಅವರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿ ಕನ್ನಡದಲ್ಲಿ ಹೇಳಿದರು. “ಗಂಡನ ತಂದೆ ಫೋನ್ ಮಾಡಿದ್ದರು. ಗಂಡನ ತಂದೆಗೆ ಕಾಲು ನೋವು... ಎಲ್ಲಾ ಪುಟದಲ್ಲೂ ಇದೇ ಇದೆಯಲ್ಲಮ್ಮ. ಇದರಲ್ಲಿ ನಿಮ್ಮ ಗಂಡನ ಹೆಸರೇ ಇಲ್ಲ.” ಆಮೇಲೆ ಕಾಗದದ ಎರಡನೇ ಪುಟ ತಿರುಗಿಸಿದರು. “ಅರ್ಜಿಯಲ್ಲಿ ಮಾವ ತೀರಿಕೊಂಡಿದ್ದಾರೆ ಅಂತ ಬರೆದಿದ್ದೀರಂತೆ. ತೀರಿಕೊಂಡವರು ದಿನಾ ಫೋನ್ ಮಾಡೋದು ಹೇಗೆ ಅಂತ ಕೇಳಿದ್ದಾರೆ.”

ಅಳು ಬಂತೋ ನಗು ಬಂತೋ ಹೇಳಲಾರೆ. ಆ ತಾಯಿ ನನ್ನ ಬೆನ್ನು ಸವರುತ್ತಾ ಕೂತಿದ್ದರು. ಅವರ ಹೆಸರು ಕೇಳಲೂ ನೆನಪಾಗಲಿಲ್ಲ ನನಗೆ; ಬಸ್ಸು ಬಂತು, ಹತ್ತಿದೆ.

ವಕೀಲರ ಎದುರು ಎರಡನೇ ಪುಟ ಇಟ್ಟೆ. ಅವರು ಅದನ್ನು ಓದೇ ಇರಲಿಲ್ಲ. ಮುಖ ಸಣ್ಣದಾದರೂ ಬಿಟ್ಟುಕೊಡಲಿಲ್ಲ. “ನೀವೇ ತಾನೇ ಮಾವ ಅಂತ ಬರ್ದಿರೋದು?”

“ನೀವೂ ಈ ಕಡೆಯೋರೇ ಅಲ್ವಾ ಸ್ವಾಮಿ? ನಿಮ್ಮನೇಲಿ ಅಮ್ಮಾವ್ರು ಏನಂತಾರೆ?”

“ರೀ ಅಂತಾಳೆ,” ಅಂದರು. ಆಮೇಲೆ ಮೆಲ್ಲಗೆ, “ನಮ್ಮವ್ವ ನಮ್ಮಪ್ಪನ್ನ ಮಾವ ಅಂತಿದ್ಲು ಕಣಮ್ಮ. ತಪ್ಪಾಯ್ತು” ಅಂದು ಅವತ್ತೇ ಕೆಲಸಕ್ಕೆ ಕೂತರು.

ಮೂರು ನೋಟ್‌ಬುಕ್ಕನ್ನೂ ಹೊಸದಾಗಿ ಇಂಗ್ಲಿಷಿಗೆ ಮಾಡಿಸಿದರು. ಅಯ್ಯನ ಮರಣ ಪತ್ರ ಸೇರಿಸಿದರು. ಮಾವ ಎಂದು ನಾನು ಕರೆಯುವುದು ನನ್ನ ಗಂಡನನ್ನೇ, ಇದು ನಮ್ಮ ಕಡೆಯ ರೂಢಿ ಎಂದು ಅಫಿಡವಿಟ್ ಮಾಡಿಸಿದರು. ಅದರಲ್ಲಿ ಯಜಮಾನರ ಹೆಸರನ್ನು ನನ್ನ ಕೈಯಾರೆ ಬರೆಯಬೇಕಾಯಿತು. ಬರೆದು, ತಪ್ಪಾಯಿತು ಅಂತ ಸ್ವಾಮಿಯನ್ನು ನೆನೆದೆ. ಗಡುವಿಗೆ ಎರಡು ದಿನ ಇರುವಾಗ ಉತ್ತರ ಹೋಯಿತು.

ಆಮೇಲಿನ ಏಳು ವಾರ ಕಠಿಣ. ಪ್ರತಿ ಶನಿವಾರ ಒಪ್ಪೊತ್ತು ಇದ್ದೆ. ಗೌರಿ ಹಬ್ಬಕ್ಕೆ ಪಕ್ಕದ ಮನೆಯವರು ಬಾಗಿನ ಕೊಟ್ಟು, “ಯಾವಾಗ ಹೊರಡದು?” ಅಂದರೆ ನಕ್ಕು, ಅರಿಶಿನ ಕುಂಕುಮ ಕೊಟ್ಟು ಕಳಿಸಿದೆ. ನವರಾತ್ರಿಯ ಹೊತ್ತಿಗೆ ವಕೀಲರೇ ಫೋನ್ ಮಾಡಿದರು. “ಆಯ್ತು ಕಣಮ್ಮ, ವೀಸಾ ಬಂತು.” ಮಧ್ಯಾಹ್ನ ಯಜಮಾನರಿಗೆ ಹೇಳಿದೆ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿತು.

ನಾನು ಕೇಳಿದ್ದು ಗುರುತು. ಸ್ವಾಮಿ ಅದನ್ನು ಒಂದು ಹಳ್ಳಿ ಹುಡುಗಿಯ ಬಾಯಲ್ಲಿ ಇಟ್ಟು ಕಳಿಸಿದ. ಆ ಬಸ್ಸಿನಿಂದ ಇಳಿಯದೆ ಹೋಗಿದ್ದರೆ? ಕಷ್ಟದಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕಾಗದವನ್ನು ಪೂರ್ತಿ ಓದಿಸಿ ಕೇಳಿ. ಸ್ವಾಮಿಯ ಮುಂದೆಯೂ ಹೋಗಿ ನಿಲ್ಲಿ. ಎರಡೂ ಬೇಕು.

ನ್ಯೂಜಿಲೆಂಡಿಗೆ ಬಂದು ಈಗ ನಾಲ್ಕು ತಿಂಗಳು. ಅವರು ಕತ್ತಲಿರುವಾಗಲೇ ಹಾಲು ಕರೆಯಲು ಹೋದರೆ ದಿನವಿಡೀ ನಾನೊಬ್ಬಳೇ. ಭಾಷೆ ಬಾರದು, ಕಣ್ಣು ಹಾಯುವಷ್ಟು ದೂರ ಹುಲ್ಲು, ಹಸು, ಗಾಳಿ. ಒಂಟಿ ಅನ್ನಿಸುವುದಿಲ್ಲ ಅಂದರೆ ಸುಳ್ಳಾದೀತು. ಶನಿವಾರ ದೀಪ ಹಚ್ಚಿ ಸ್ವಾಮಿಯ ಜೊತೆ ಮಾತಾಡುತ್ತೇನೆ. ಇವತ್ತೂ ಹಚ್ಚಿದ್ದೇನೆ. ಸಂಜೆಯಾಯಿತು, ಹೊರಗೆ ಮೆಟ್ಟಿಲ ಮೇಲೆ ಬೂಟು ಕಳಚುವ ಸದ್ದಾಗುತ್ತಿದೆ. ಅನ್ನ ಬಡಿಸಬೇಕು.