ಅಪ್ಪನ ಎಡಗಾಲಿನ ಬೆರಳು

ನರ್ಸಿಂಗ್ ಡಿಪ್ಲೊಮಾಗೆ ಸೇರಿದ ಮೊದಲ ವಾರ ನಮಗೆ ಕೈಕಾಲು, ಎದೆ, ಹೊಟ್ಟೆ ಯಾವುದರ ಸುದ್ದಿಯನ್ನೂ ಹೇಳಲಿಲ್ಲ. ಅಂಗರಚನೆಯ ಪಾಠ ಮಾಡುವ ಮೇಡಂ ಬೋರ್ಡಿನ ಮೇಲೆ ಒಂದು ಚುಕ್ಕಿ ಇಟ್ಟು, ಅದರ ಸುತ್ತ ಎರಡು ಉಂಗುರ ಬರೆದು, "ಅಣು ತಾನ್ ರೊಂಬ ಚಿನ್ನದು" ಅಂದರು. ಎಲ್ಲಕ್ಕಿಂತ ಚಿಕ್ಕದು ಅಣುವೇ ಅಂತ. ನನಗೆ ಅಲ್ಲೇ ಗೊಂದಲವಾಯಿತು. ತಮಿಳುನಾಡಿಗೆ ಸೇರಿದ ಉದ್ದನಪಲ್ಲಿ ಹತ್ತಿರದ ನಮ್ಮೂರಿನ ಕಡೆ ನಾನು ಹತ್ತನೆಯ ತರಗತಿವರೆಗೆ ಕನ್ನಡದಲ್ಲೇ ಓದಿದವಳು. ನಮ್ಮ ಪುಸ್ತಕದಲ್ಲಿ ಎಲ್ಲಕ್ಕಿಂತ ಚಿಕ್ಕದು ಪರಮಾಣು. ಪರಮಾಣುಗಳು ಸೇರಿದರೆ ಅಣು. ತಮಿಳಿನಲ್ಲಿ ಅಣು ಅಂದರೆ ನಮ್ಮ ಪರಮಾಣು. ಪ್ಲಸ್ ಟೂನಲ್ಲಿ ವಾಣಿಜ್ಯ ತೆಗೆದುಕೊಂಡು ವಿಜ್ಞಾನ ಬಿಟ್ಟೇ ಎರಡು ವರ್ಷವಾಗಿತ್ತು. ಮೊದಲ ಕಿರುಪರೀಕ್ಷೆಯಲ್ಲಿ ನೀರು ಒಂದು ಅಣು ಎಂದು ತಮಿಳಿನಲ್ಲಿ ಬರೆದೆ. ಮೇಡಂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕೊಟ್ಟರು. ಕನ್ನಡದಲ್ಲಿ ಅದು ಸರಿ ಅಂತ ಹೇಳಲು ಎದ್ದು ನಿಂತೆ, ಹೇಳಲಾಗದೆ ಕೂತೆ.

ಆಮೇಲೆ ಬಾಯಿಪಾಠ ಮಾಡಿದೆ. ಪರಮಾಣು, ಅಣು, ಜೀವಕೋಶ, ಅಂಗಾಂಶ. ಒಂದೇ ಕೆಲಸದ ಜೀವಕೋಶಗಳು ಗುಂಪಾಗಿ ಸೇರಿದರೆ ಅಂಗಾಂಶ. ಅದರಲ್ಲಿ ನಾಲ್ಕು ಬಗೆ: ಮೇಲೆ ಹೊದಿಸಿದ್ದು, ಒಂದಕ್ಕೊಂದು ಹಿಡಿದಿಟ್ಟಿದ್ದು, ಎಳೆಯುವುದು, ಸುದ್ದಿ ಒಯ್ಯುವುದು. ಕೃಷ್ಣಗಿರಿಯ ಹಾಸ್ಟೆಲಿನ ತಾರಸಿಯಲ್ಲಿ ಒಗೆದ ಬಟ್ಟೆ ಒಣಹಾಕುತ್ತಾ ಇದನ್ನೇ ಮೂರು ಭಾಷೆಯಲ್ಲೂ ಹೇಳಿಕೊಳ್ಳುತ್ತಿದ್ದೆ.

ಸೇರಿ ಎರಡು ತಿಂಗಳಾಗಿತ್ತು. ಒಂದು ಭಾನುವಾರ ಊರಿಗೆ ಹೋದಾಗ ಅಪ್ಪ ಹುರುಳಿಕಾಯಿ ತೋಟದಿಂದ ಒಂದೇ ಚಪ್ಪಲಿ ಹಾಕಿಕೊಂಡು ಬಂದ. ಬಲಗಾಲಲ್ಲಿ ಹವಾಯಿ ಚಪ್ಪಲಿ ಇತ್ತು, ಎಡಗಾಲು ಬರಿಗಾಲು.

"ಇನ್ನೊಂದೆಲ್ಲಿ?" ಅಂದಳು ಅಮ್ಮ.

ಅಪ್ಪ ಕೆಳಗೆ ನೋಡಿಕೊಂಡ. ಅಲ್ಲಿಯವರೆಗೂ ಅವನಿಗೆ ಗೊತ್ತೇ ಇರಲಿಲ್ಲ. "ಅಯ್ಯೋ, ಎಲ್ಲೋ ಬಿದ್ದೋಗ್ಬುಟ್ಟೈತೆ ಕಣೇ," ಅಂದ. ಅಮ್ಮ ನಕ್ಕಳು. ನಾನೂ ನಕ್ಕೆ. ಅಪ್ಪ ನಮ್ಮಿಬ್ಬರಿಗಿಂತ ಜೋರಾಗಿ ನಕ್ಕ. ಮತ್ತೆ ಹಿಂದಕ್ಕೆ ಹೋಗಿ ಕಾಲುವೆ ಪಕ್ಕ ಕೆಸರಲ್ಲಿ ಸಿಕ್ಕಿಕೊಂಡಿದ್ದ ಚಪ್ಪಲಿ ಹುಡುಕಿ ತಂದ. ಅಪ್ಪನಿಗೆ ಆಗ ಐವತ್ತೆರಡು. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಗಿತ್ತು. ಮಾತ್ರೆ ನೆನಪಾದ ದಿನ ನುಂಗುತ್ತಿದ್ದ.

ಅದಾಗಿ ಎರಡು ವಾರಕ್ಕೆ ತರಗತಿಯಲ್ಲಿ ನರ ಅಂಗಾಂಶದ ಪಾಠ ಬಂತು. ನರದ ಜೀವಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಮುಟ್ಟಿದರೆ ಸಾಕು, ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಒಳಕ್ಕೆ ನುಗ್ಗುತ್ತದೆ. ಆ ಅಲೆ ಕಾಲಿನ ತುದಿಯಿಂದ ಬೆನ್ನುಹುರಿಯವರೆಗೆ ಓಡುತ್ತದೆ. ಮೇಡಂ ನಮ್ಮನ್ನು ಇಬ್ಬಿಬ್ಬರಾಗಿ ಕೂರಿಸಿದರು. ಒಬ್ಬಳು ಕಣ್ಣು ಮುಚ್ಚಬೇಕು, ಇನ್ನೊಬ್ಬಳು ಹತ್ತಿಯ ಎಳೆಯಿಂದ ಪಾದ ಮುಟ್ಟಬೇಕು, ಮುಟ್ಟಿದಾಗ ಹೂಂ ಅನ್ನಬೇಕು. ತರಗತಿಯೆಲ್ಲ ಕಚಗುಳಿಯಿಂದ ಕಿಸಕಿಸ ಅನ್ನುತ್ತಿತ್ತು. ಆಮೇಲೆ ಮೇಡಂ ಹೇಳಿದರು, ವರ್ಷಾನುಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ನರವೂ ಹಾಳಾಗುತ್ತದೆ, ನರಕ್ಕೆ ಆಹಾರ ಕೊಡುವ ಕೂದಲೆಳೆಯಂಥ ರಕ್ತನಾಳಗಳೂ ಹಾಳಾಗುತ್ತವೆ. ಎಲ್ಲಕ್ಕಿಂತ ಉದ್ದದ ನರಗಳ ತುದಿಯಿಂದ, ಅಂದರೆ ಕಾಲ್ಬೆರಳಿನಿಂದ ಅದು ಶುರುವಾಗುತ್ತದೆ. ಅಂಥವರ ಕಾಲಿನಿಂದ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ.

ಇದನ್ನು ನಾನು ಬರೆದುಕೊಂಡೆ. ಕೆಳಗೆ ಸ್ಕೇಲಿಟ್ಟು ಗೆರೆ ಎಳೆದೆ. ಪುಟ ತಿರುವಿದೆ. ಅಪ್ಪ ನೆನಪಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಮುಂದಿನ ತಿಂಗಳು, ಪರೀಕ್ಷೆಗೆ ಐದು ದಿನ ಇರುವಾಗ, ಒಂದು ದಿನದ ಮಟ್ಟಿಗೆ ಊರಿಗೆ ಹೋದೆ. ರಾಯಕೋಟೆಯಲ್ಲಿ ಬಸ್ಸು ಬದಲಿಸಿ ಬೆಳಿಗ್ಗೆ ಹತ್ತಕ್ಕೆ ಮನೆ ಸೇರಿದಾಗ ಅಮ್ಮ ನೆಲ ಒರೆಸುತ್ತಿದ್ದಳು.

"ನೋಡೇ, ಒರೆಸ್ದಂಗೆಲ್ಲ ಎಲ್ಲಿಂದ್ಲೋ ಕಲೆ ಬತ್ತಾ ಐತೆ," ಅಂದಳು.

ಸಿಮೆಂಟಿನ ನೆಲದ ಮೇಲೆ ಕಂದು ಬಣ್ಣದ ಚುಕ್ಕಿಗಳಿದ್ದವು. ಹಿತ್ತಲ ಬಾಗಿಲಿಂದ ಹೊರಟು ನಡುಮನೆ ದಾಟಿ ಜಗಲಿಯವರೆಗೆ, ಒಂದೊಂದು ಹೆಜ್ಜೆಗೆ ಒಂದೊಂದು. ಜಗಲಿಯಲ್ಲಿ ಅಪ್ಪ ಚಪ್ಪಲಿ ಸಮೇತ ಕಾಲು ಇಳಿಬಿಟ್ಟುಕೊಂಡು ಕೂತು ಹುರುಳಿಕಾಯಿ ಆರಿಸುತ್ತಿದ್ದ. ನನ್ನನ್ನು ಕಂಡು, "ಬಂದ್ಯಾ ಮಗಾ, ತಿಂಡಿ ತಿಂದ್ಯಾ?" ಅಂದ.

ನಾನು ಕೂತು ಅವನ ಎಡಗಾಲು ಎತ್ತಿದೆ. ಚಪ್ಪಲಿ ಕಾಲಿಗೆ ಅಂಟಿಕೊಂಡಂತಿತ್ತು. ಮೆಲ್ಲಗೆ ಎಳೆದಾಗ ಚಪ್ಪಲಿಯ ಜೊತೆಗೆ ಒಂದು ಮೊಳೆಯೂ ಈಚೆ ಬಂತು. ಟೊಮೇಟೊ ತುಂಬುವ ಹಳೆಯ ಮರದ ಪೆಟ್ಟಿಗೆಯ ಮೊಳೆ, ತುಕ್ಕು ಹಿಡಿದಿದ್ದು. ಚಪ್ಪಲಿಯ ಅಟ್ಟೆ ತೂರಿಕೊಂಡು ಎರಡನೆಯ ಬೆರಳಿನ ಬುಡಕ್ಕೆ ಹೊಕ್ಕಿತ್ತು. ಬೆರಳು ಊದಿ ತುದಿ ಕಪ್ಪಾಗಿತ್ತು. ವಾಸನೆ ಬರುತ್ತಿತ್ತು.

"ಯಾವಾಗ ಚುಚ್ಕೊಂತು ಇದು?"

"ಏನು?" ಅಂದ ಅಪ್ಪ. ಮೊಳೆ ತೋರಿಸಿದೆ. ಅವನು ಅದನ್ನು ಬೇರೆ ಯಾರದೋ ವಸ್ತು ಅನ್ನುವ ಹಾಗೆ ನೋಡಿದ. "ಬೇಸ್ತವಾರ ಹಳೇ ಪೆಟ್ಗೆ ಒಡ್ದಿದ್ದೆ, ಒಲೆಗೆ ಆಗ್ಲಿ ಅಂತ. ಆವಾಗ ಇರ್ಬೇಕು. ದಿನಾ ಇದೇ ಚಪ್ಲಿ ಬಿಚ್ಚಿ ಹಾಕ್ಕೊಂತಿದ್ದೆ, ಗೊತ್ತೇ ಆಗ್ಲಿಲ್ಲ."

"ಮೂರು ದಿನ ಆಯ್ತು. ನೋವಾಗ್ಲಿಲ್ವಾ?"

"ಏನೂ ಇಲ್ಲ ಕಣಮ್ಮ."

ಅಮ್ಮ ಒರೆಸುವ ಬಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ನಾನು ಕಾಯಿಸಿ ಆರಿಸಿದ ನೀರಿನಲ್ಲಿ ಗಾಯ ತೊಳೆದು, ಒಗೆದ ಬಿಳಿ ಬಟ್ಟೆ ಸುತ್ತಿದೆ. ಆಮೇಲೆ ಯಾಕೋ, ಪೊರಕೆಯಿಂದ ಒಂದು ಕಡ್ಡಿ ಮುರಿದು ತಂದೆ. "ಕಣ್ಣು ಮುಚ್ಚು. ಮುಟ್ಟಿದಾಗೆಲ್ಲ ಹೂಂ ಅನ್ನು," ಅಂದೆ. ಅಪ್ಪ ಮಗಳ ಓದಿಗೆ ಸಹಾಯ ಮಾಡುವವನ ಹಾಗೆ ನೆಟ್ಟಗೆ ಕೂತು ಕಣ್ಣು ಮುಚ್ಚಿದ.

ಮೊಣಕಾಲ ಕೆಳಗೆ ಮುಟ್ಟಿದೆ. "ಹೂಂ." ಹರಡಿನ ಹತ್ತಿರ ಮುಟ್ಟಿದೆ. ಸುಮ್ಮನಿದ್ದ. ಪಾದದ ಮೇಲೆ, ಹೆಬ್ಬೆರಳು, ಕಿರುಬೆರಳು, ಹಿಮ್ಮಡಿ ಎಲ್ಲ ಮುಟ್ಟಿದೆ. ಸುಮ್ಮನಿದ್ದ. ಬಲಗಾಲೂ ಹಾಗೇ. ಕೊನೆಗೆ ಕಡ್ಡಿಯನ್ನು ಕೈಯಲ್ಲೇ ಹಿಡಿದು, ಅವನ ಮುಖ ನೋಡುತ್ತಾ ಕೂತೆ. ತುಂಬಾ ಹೊತ್ತು ಸುಮ್ಮನಿದ್ದೇನೆ ಅನ್ನಿಸಿತೋ ಏನೋ, ಅಪ್ಪ "ಹೂಂ" ಅಂದ. ನಾನು ಮುಟ್ಟಿರಲಿಲ್ಲ. ಮತ್ತೆ "ಹೂಂ" ಅಂದ. ಸ್ವಲ್ಪ ತಡೆದು ಇನ್ನೊಂದು ಸಲ. ಕಣ್ಣು ಬಿಟ್ಟು, "ಸರಿಯಾಗ್ ಹೇಳ್ದ್ನಾ?" ಅಂತ ಕೇಳಿದ.

"ಸರಿಯಾಗಿ ಹೇಳ್ದೆ," ಅಂದೆ.

ಆಗ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ತಲೆಯೊಳಗೆ ಪುಸ್ತಕದ ಪುಟವಷ್ಟೇ ಇತ್ತು, ಸ್ಕೇಲಿನಿಂದ ಎಳೆದ ಗೆರೆ ಸಮೇತ. ಅಪ್ಪ ಬೀದಿಗೆ ಕೇಳುವ ಹಾಗೆ ಪಕ್ಕದ ಮನೆಯವನನ್ನು ಕರೆದು, "ಆಟೊ ತಗೊಂಬಾರ್ಲಾ, ಮಗಳು ಆಸ್ಪತ್ರೆಗೆ ಹೋಗ್ಬೇಕಂತಾಳೆ," ಅಂದ. ಆಸ್ಪತ್ರೆಗೆ ಹೋಗಬೇಕಾದವಳು ನಾನೇ ಅನ್ನುವ ಹಾಗಿತ್ತು ಆ ಮಾತು.

ನನಗೆ ದಾರಿ ಗೊತ್ತಿದ್ದದ್ದು ಕೃಷ್ಣಗಿರಿಯ ದೊಡ್ಡಾಸ್ಪತ್ರೆಗೇ. ಅಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಕಾಲನ್ನೂ ನೋಡಿ, ಬೆರಳು ಕೊಳೆತಿದೆ, ತೆಗೆಯದಿದ್ದರೆ ಸೋಂಕು ಪಾದಕ್ಕೆ ಹತ್ತುತ್ತದೆ ಅಂದರು. ನನ್ನ ಕೊರಳಲ್ಲಿದ್ದ ಕಾಲೇಜಿನ ಗುರುತುಚೀಟಿ ನೋಡಿ ನನಗೇ ಇಂಗ್ಲಿಷಿನಲ್ಲಿ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಅಪ್ಪ ಅಮ್ಮನಿಗೆ ಹೇಳಿದೆ. ಒಂದು ಪದವನ್ನೂ ಬಿಡಲಿಲ್ಲ.

"ಒಂದ್ ಬೆರಳು ತಾನೆ. ತೆಗೀಲಿ ಬಿಡು," ಅಂದ ಅಪ್ಪ.

ಮಾರನೆಯ ದಿನ ಬೆಳಿಗ್ಗೆ ಕಾಲು ಮರಗಟ್ಟಿಸುವ ಸೂಜಿ ಕೊಟ್ಟು ಬೆರಳು ತೆಗೆದರು. ಅಮ್ಮ, ನಾನು ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಅರ್ಧ ಗಂಟೆಗೆ ಒಬ್ಬ ನರ್ಸ್ ಬಾಗಿಲು ತೆರೆದು, ಸ್ಟೀಲಿನ ತಟ್ಟೆಯ ಮೇಲಿನ ಗಾಜ್ ಬಟ್ಟೆ ಸರಿಸಿ ತೋರಿಸಿದರು. ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ಅಲ್ಲಿನ ವಾಡಿಕೆ. ಅಮ್ಮ ಮುಖ ತಿರುಗಿಸಿದಳು. ನಾನು ನೋಡಿದೆ. ಕತ್ತರಿಸಿದ ಕಡೆಯಲ್ಲಿ ಚರ್ಮ ಕಾಣುತ್ತಿತ್ತು, ಅದರ ಕೆಳಗೆ ಹಳದಿ ಕೊಬ್ಬು, ಬಿಳಿ ದಾರದಂಥ ಸ್ನಾಯುಬಂಧ, ನಡುವೆ ಮೂಳೆ. ಹೊದಿಸಿದ್ದು, ಹಿಡಿದಿಟ್ಟಿದ್ದು ಅಂತ ಮನಸ್ಸು ತಾನಾಗಿಯೇ ಎಣಿಸುತ್ತಿತ್ತು. ನರ ಎಲ್ಲಿರಬಹುದು ಅಂತ ಹುಡುಕಿದೆ. ಬರಿಗಣ್ಣಿಗೆ ಕಾಣುವಷ್ಟು ದಪ್ಪ ಇರಲಿಲ್ಲ.

ಅಮ್ಮ ನನ್ನ ದುಪಟ್ಟಾದ ತುದಿ ಎಳೆದು, "ಅದನ್ನ ನಮ್ಗೆ ಕೊಡ್ತಾರಾ ಕೇಳೇ. ತೋಟದಲ್ಲಿ ಮಣ್ಣು ಮಾಡಾನ," ಅಂದಳು.

ಕೇಳಿದೆ. ಸೋಂಕು ಇರುವುದರಿಂದ ಕೊಡಲು ಬರುವುದಿಲ್ಲ ಅಂದರು ನರ್ಸ್. ಆಸ್ಪತ್ರೆಯ ಕಸದ ಪಾಠ ನಮಗೆ ಹಿಂದಿನ ವಾರವೇ ಆಗಿತ್ತು. "ಹಳದಿ ಚೀಲಕ್ಕೆ ಹಾಕ್ತಾರೆ ಅಮ್ಮ. ದೇಹದ ಭಾಗ ಎಲ್ಲ ಹಳದಿ ಚೀಲ. ಆಮೇಲೆ ಅದನ್ನ ಸುಡೋಕೆ ಕಳಿಸ್ತಾರೆ," ಅಂದೆ.

"ನಮ್ಮ ಮನೇಲಿ ಯಾರ್ನೂ ಸುಟ್ಟಿಲ್ಲ. ಎಲ್ರೂ ಮಣ್ಣಿಗೇ ಹೋಗಿರೋದು."

"ರೂಲ್ಸು ಹಂಗೈತೆ."

ಅಮ್ಮ ನನ್ನ ಮುಖವನ್ನೇ ನೋಡಿದಳು. "ನಿಂಗೇನೂ ಅನ್ಸಲ್ವೇನೇ? ಪಾಠ ಒಪ್ಪಿಸ್ದಂಗೆ ಹೇಳ್ತೀಯಲ್ಲ."

ನಾನು ಹೋಗಿ ಔಷಧಿ ಚೀಟಿ ತೆಗೆದುಕೊಂಡು ಸಾಲಿನಲ್ಲಿ ನಿಂತೆ. ನನ್ನ ಮುಂದೆ ಹನ್ನೊಂದು ಜನ ಇದ್ದರು ಅನ್ನುವುದು ಇವತ್ತಿಗೂ ನೆನಪಿದೆ.

ವಾರ್ಡಿಗೆ ತಂದ ಮೇಲೆ ಅಪ್ಪ ಕಟ್ಟು ಹಾಕಿದ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು, "ಆ ಸೂಜಿನೇ ಬೇಕಾಗಿರ್ಲಿಲ್ಲ ಅನ್ಸತ್ತೆ ಕಣಮ್ಮ," ಅಂದ. ನಗಿಸಲು ಹೇಳಿದ್ದ. ಪಕ್ಕದ ಮಂಚದವರು ನಕ್ಕರು.

ಪರೀಕ್ಷೆಯ ದಿನ ಅಪ್ಪ ಇನ್ನೂ ಆಸ್ಪತ್ರೆಯಲ್ಲೇ ಇದ್ದ. ನಾನು ಹಾಸ್ಟೆಲಿಗೆ ಹೋಗಿ ಸ್ನಾನ ಮಾಡಿ, ಸಮವಸ್ತ್ರ ಹಾಕಿಕೊಂಡು ಪರೀಕ್ಷೆಗೆ ಕೂತೆ. ದೊಡ್ಡ ಪ್ರಶ್ನೆ ನರ ಅಂಗಾಂಶದ ರಚನೆ ಮತ್ತು ಕೆಲಸ. ಚಿತ್ರ ಬರೆದೆ, ಭಾಗಗಳನ್ನು ಗುರುತಿಸಿದೆ, ಸೋಡಿಯಂ ಪೊಟ್ಯಾಸಿಯಂ ಎಲ್ಲ ಬರೆದೆ. ಹತ್ತು ದಿನದ ಮೇಲೆ ಉತ್ತರಪತ್ರಿಕೆ ಹಂಚುವಾಗ ಮೇಡಂ ನನ್ನದನ್ನು ಮೇಲೆತ್ತಿ, "ಎಲ್ಲಾರುಂ ಕೈ ತಟ್ಟುಂಗ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತರಗತಿಗೇ ಹೆಚ್ಚು ಅಂಕ ನನ್ನದು. ಚಪ್ಪಾಳೆಯ ಸದ್ದು ಗೋಡೆಯಾಚೆ ಇನ್ನೊಂದು ತರಗತಿಯಲ್ಲಿ ಆಗುತ್ತಿರುವ ಹಾಗೆ ಕೇಳಿಸಿತು.

ಪಾಠ ಮುಗಿದ ಮೇಲೆ ಮೇಡಂ ಅಪ್ಪ ಹೇಗಿದ್ದಾರೆ ಅಂತ ವಿಚಾರಿಸಿದರು. ಚೆನ್ನಾಗಿದ್ದಾರೆ ಅಂದೆ. ಹೊರಡಬೇಕು ಅಂದುಕೊಂಡವಳು ಹೊರಡದೆ ನಿಂತು, ಚಪ್ಪಲಿಯ ಕತೆ ಹೇಳಿದೆ. ಒಂದೇ ಚಪ್ಪಲಿಯಲ್ಲಿ ಬಂದದ್ದು, ನಾನು ನಕ್ಕದ್ದು, ಆಮೇಲೆ ನೀವು ಅದೇ ಮಾತು ಹೇಳಿದಾಗ ಬರೆದುಕೊಂಡು ಗೆರೆ ಎಳೆದದ್ದು, ಕೊನೆಗೆ ಪೊರಕೆ ಕಡ್ಡಿಯಿಂದ ಅಪ್ಪನ ಕಾಲು ಮುಟ್ಟಿ ನೋಡಿದ್ದು. "ನನಗೆ ಗೊತ್ತಿತ್ತು ಮೇಡಂ," ಅಂದೆ. ತಮಿಳಿನಲ್ಲಿ ಶುರುಮಾಡಿದ ಮಾತು ಕನ್ನಡಕ್ಕೆ ತಿರುಗಿತ್ತು. ಅವರಿಗೆ ಎಷ್ಟು ತಿಳಿಯಿತೋ. ಬೀರು ತೆರೆದು, ಹಿಡಿಕೆಗೆ ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆ ಸಿಕ್ಕಿಸಿದ್ದ ಸಾಧನ ಕೊಟ್ಟರು. ಪಾದದ ಸ್ಪರ್ಶ ನೋಡಲು ಇರುವ ಸರಿಯಾದ ಸಾಧನ ಅದು. ಪೊರಕೆ ಕಡ್ಡಿ ಬೇಡ, ಇದನ್ನು ತೆಗೆದುಕೊಂಡು ಹೋಗು, ನಿಮ್ಮೂರಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟು ಜನ ಇದ್ದಾರೋ ಎಲ್ಲರ ಕಾಲು ನೋಡಿ ಬರೆದುಕೊಂಡು ಬಾ ಅಂದರು.

ನೋಡಿದೆ. ನಮ್ಮ ಬೀದಿಯಲ್ಲೇ ಒಂಬತ್ತು ಜನ ಸಿಕ್ಕರು. ಅದರಲ್ಲಿ ನಾಲ್ವರಿಗೆ ಪಾದದಲ್ಲಿ ಎಳೆ ಮುಟ್ಟಿದ್ದು ಗೊತ್ತಾಗಲಿಲ್ಲ. ಅವರಲ್ಲಿ ಆಟೊ ತಂದಿದ್ದ ಪಕ್ಕದ ಮನೆಯವನೂ ಒಬ್ಬ. ಅವನು ಕಾಲು ಹಿಂದಕ್ಕೆ ಎಳೆದುಕೊಂಡು, "ನಂದೂ ಕುಯ್ತಾರಾ?" ಅಂತ ಕೇಳಿದ. ಇಲ್ಲ, ದಿನಾ ನೋಡ್ಕೋಬೇಕು, ಮಾತ್ರೆ ಬಿಡಬಾರದು ಅಂದೆ. ಮುಂದಿನ ಸೋಮವಾರ ಅವರೆಲ್ಲ ಒಟ್ಟಿಗೆ ಒಂದೇ ಆಟೊದಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದರಂತೆ.

ಅಪ್ಪನ ಗಾಯ ತುಂಬಲು ಎರಡು ತಿಂಗಳು ಹಿಡಿಯಿತು. ಭಾನುವಾರ ಹೋದಾಗ ಕಟ್ಟು ಬಿಚ್ಚಿ ಕಟ್ಟುವುದು ನನ್ನ ಕೆಲಸ. ಒಂದು ವಾರ ತಳದಲ್ಲಿ ಕೆಂಪಗೆ, ಸಣ್ಣ ಕಾಳು ಕಾಳಾಗಿ ಹೊಸ ಮಾಂಸ ಕಂಡಿತು. ಹೊಸ ರಕ್ತನಾಳಗಳು ಹುಟ್ಟಿದರೆ ಹಾಗೆ ಕಾಣುತ್ತದೆ. "ಬೆಳೀತಾ ಐತೆ," ಅಂದೆ. "ಹಂಗಾದ್ರೆ ಟೊಮೇಟೊ ನಾಟಿಗೆ ಇಳೀಬೋದಾ?" ಅಂದ ಅಪ್ಪ. ಇನ್ನೂ ಇಲ್ಲ ಅಂದೆ. ಆ ಸಲ ನಾಟಿ ಅಮ್ಮನೇ ಆಳು ಕರೆದು ಮಾಡಿಸಿದಳು. ಈಗ ಅವನು ಮೆತ್ತನೆಯ ರಬ್ಬರಿನ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು ತೋಟಕ್ಕೆ ಹೋಗುತ್ತಾನೆ. ಸ್ವಲ್ಪ ಎಡಕ್ಕೆ ವಾಲಿ ನಡೆಯುತ್ತಾನೆ.

ದಿನಾ ಸಂಜೆ ಅಪ್ಪನ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಡಿ ತಿರುಗಿಸಿ ನೋಡುವುದನ್ನು ಅಮ್ಮನಿಗೆ ಕಲಿಸಿದೆ. ನೀರಿನ ಬಿಸಿಯನ್ನು ಅವನ ಕಾಲಿನಿಂದ ನೋಡಬಾರದು, ನಿನ್ನ ಮೊಣಕೈಯಿಂದ ನೋಡು ಅಂದೆ. ಮೊನ್ನೆ ರಜಕ್ಕೆ ಹೋದಾಗ ಅವಳು ಜಗಲಿಯ ಕೆಳಗೆ ಕೂತು ತೊಳೆಯುತ್ತಿದ್ದಳು. ಅಪ್ಪ ದಾರಿಯಲ್ಲಿ ಹೋಗುವವರ ಜೊತೆ ಮಾತಾಡುತ್ತಿದ್ದ.

"ನಾನು ಹಿಡ್ಕೊಂಡಿರೋದು ಇವ್ರಿಗೆ ಗೊತ್ತಾಗ್ತಾ ಇಲ್ಲ, ಅಲ್ವಾ?" ಅಂತ ಅಮ್ಮ ಮೆಲ್ಲಗೆ ಕೇಳಿದಳು.

"ಇಲ್ಲ," ಅಂದೆ.

"ಮುಂದಕ್ಕೆ?"

"ಸತ್ತ ನರ ಮತ್ತೆ ಬರೋದು ಕಷ್ಟ ಅಮ್ಮ."

ಅವಳು ತಲೆಯಾಡಿಸಿ, ಟವೆಲನ್ನು ತೊಡೆಯ ಮೇಲೆ ಹರಡಿಕೊಂಡು, ಬಲಗಾಲು ಕೊಡಿ ಅಂದಳು. ಅಪ್ಪನಿಗೆ ಕೇಳಿಸಲಿಲ್ಲ. ಅವಳೇ ಎತ್ತಿಕೊಂಡಳು.