ಹೆಪ್ಪು ಹಾಕಿದ ಬಿಯರ್

ಕಳೆದ ತಿಂಗಳು ನನ್ನ ಅಣ್ಣ ಒಂದು ಲೋಟ ಕೆಟ್ಟ ಬಿಯರನ್ನು ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು, "ಛಲೋ ಆಗೇತಿ" ಅಂದ.

ಕೆಟ್ಟದ್ದು ಅಂದರೆ ಎಷ್ಟು ಕೆಟ್ಟದ್ದು? ಮೂರು ದಿನದ ಮಜ್ಜಿಗೆಗೆ ವಿನೆಗರ್ ಸುರಿದ ಹಾಗಿತ್ತು. ನಾನು ಒಂದೇ ಗುಟುಕಿಗೆ ಕಣ್ಣು ಮುಚ್ಚಿದ್ದೆ. ಜೊತೆಗಿದ್ದ ಗೆಳೆಯ ಈರಪ್ಪ ಕೆಮ್ಮು ಬಂದವನ ಹಾಗೆ ನಟಿಸಿ ಹೊರಗೆ ಓಡಿದ್ದ. ಅಣ್ಣ ಮಾತ್ರ ಲೋಟ ಖಾಲಿ ಮಾಡಿದ.

ನಗಬೇಕಾದ ಹೊತ್ತು. ನಾನು ನಗಲಿಲ್ಲ. ಯಾಕೆಂದರೆ ನನ್ನ ಅಣ್ಣ ಗುರುಪಾದಪ್ಪ ಇಷ್ಟು ವರ್ಷ ಅನ್ನ ತಿಂದದ್ದೇ ತನ್ನ ಮೂಗಿನಿಂದ.

ರನ್ನ ಬೆಳಗಲಿಯ ಹೊರಗೆ ಅವನದೊಂದು ಬೆಲ್ಲದ ಗಾಣವಿದೆ. ಸುತ್ತ ಸಕ್ಕರೆ ಕಾರ್ಖಾನೆಗಳೆದ್ದರೂ ಮುಚ್ಚದೆ ಉಳಿದ ಗಾಣ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಪಾಕವಾಗುವಾಗ ಒಂದು ಗಳಿಗೆ ಬರುತ್ತದೆ. ಅದಕ್ಕಿಂತ ಮೊದಲು ಇಳಿಸಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ. ದಾಟಿದರೆ ಕರಕಲು. ಉಳಿದ ಗಾಣದವರು ತಣ್ಣೀರಿನಲ್ಲಿ ಚೂರು ಪಾಕ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಅಣ್ಣ ಕೊಪ್ಪರಿಗೆಯ ಪಕ್ಕ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎರಡು ಸಲ ಮೂಸುತ್ತಿದ್ದ. "ಇಳಸ್ರಿ" ಅನ್ನುತ್ತಿದ್ದ. ಅಷ್ಟೇ.

ನಾಲ್ಕು ವರ್ಷದ ಹಿಂದೆ ಇದೇ ಅಂಕಣದಲ್ಲಿ ನಾನು ಅವನ ಬಗ್ಗೆ ಬರೆದಿದ್ದೆ. "ಉಂಡೆಯೂ ಬೇಡ, ಥರ್ಮಾಮೀಟರೂ ಬೇಡ, ಅಣ್ಣನ ಮೂಗೊಂದು ಸಾಕು" ಅಂತ. (ಬರೆದಾಗ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.) ಮುಧೋಳದಿಂದ, ಜಮಖಂಡಿ ಕಡೆಯಿಂದ ರೈತರು ಹುಡುಕಿಕೊಂಡು ಬಂದು ಕಬ್ಬು ಇಳಿಸಿದರು. ಅಣ್ಣ ಆ ಪುಟಕ್ಕೆ ಗಾಜಿನ ಕಟ್ಟು ಹಾಕಿಸಿ ಗಾಣದ ಬಾಗಿಲ ಮೇಲೆ ನೇತುಹಾಕಿದ.

ಇನ್ನು ಬಿಯರಿಗೆ ಬರೋಣ.

ನಾನು ನಿವೃತ್ತನಾದಾಗ ಬೆಳಗಾವಿಯ ಸಹೋದ್ಯೋಗಿಯೊಬ್ಬ ಕೊಟ್ಟ ಉಡುಗೊರೆ ಅದು. ಮನೆಯಲ್ಲೇ ಬಿಯರ್ ಮಾಡುವ ಕಿಟ್. ದೊಡ್ಡ ಪ್ಲಾಸ್ಟಿಕ್ ಡಬ್ಬ, ಎರಡು ಡಬ್ಬಿ ಮಾಲ್ಟಿನ ಪಾಕ, ಎರಡು ಪೊಟ್ಟಣ ಯೀಸ್ಟ್, ಗಾಳಿ ಹೊರಗೆ ಹೋಗಲು ಒಂದು ನಳಿಗೆ, ಡಬ್ಬದ ಹೊಟ್ಟೆಗೆ ಅಂಟಿಸಲು ಕಾವು ತೋರಿಸುವ ಒಂದು ಪಟ್ಟಿ. ನೀರು ಬೆರೆಸು, ಯೀಸ್ಟ್ ಹಾಕು, ಬಿಗಿಯಾಗಿ ಮುಚ್ಚು, ಕಾಯಿ. ಮಕ್ಕಳೂ ಮಾಡಬಹುದಾದ ಕೆಲಸ. (ಮಕ್ಕಳು ಮಾಡಬಾರದು.)

ಬನಹಟ್ಟಿಯ ನಮ್ಮ ಮನೆಯಲ್ಲಿ ಅದನ್ನು ಇಡುವುದು ಸಾಧ್ಯವೇ? ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಕಿಟ್ಟಿನ ಮೇಲಿನ ಚಿತ್ರ ನೋಡಿಯೇ ನನ್ನ ಹೆಂಡತಿ, ಇದು ಒಳಗೆ ಬಂದರೆ ತಾನು ಹೊರಗೆ ಅಂದಳು. ಹಾಗಾಗಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಅಣ್ಣನ ಗಾಣಕ್ಕೆ ಹೋದೆ. ಅಲ್ಲೊಂದು ಬೆಲ್ಲ ಇಡುವ ಕೋಣೆಯಿದೆ.

ಅಣ್ಣ ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಆ ಕಾವಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದ. ಇದು ಎಷ್ಟು ಕಾವಿನ ತನಕ ತೋರಿಸುತ್ತದೆ ಎಂದು ಕೇಳಿದ. ನಲವತ್ತರ ತನಕ ಅಂದೆ. ಸುಮ್ಮನೆ ಕೆಳಗಿಟ್ಟ. ಬೆಲ್ಲದ ಪಾಕಕ್ಕೆ ಅದರ ಮೂರು ಪಟ್ಟು ಕಾವು. ಅವನು ಯಾಕೆ ಕೇಳಿದ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಮೊದಲನೆಯ ಡಬ್ಬಿಯನ್ನು ಕಿಟ್ಟಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದಂತೆಯೇ ಮಾಡಿದೆ. ನೀರುನೀರಾಗಿ ಬಂತು. ನಮ್ಮ ಓಣಿಯಲ್ಲೇ ಪವರ್‌ಲೂಮ್ ಇಟ್ಟುಕೊಂಡಿರುವ ಈರಪ್ಪ ರುಚಿ ನೋಡಿ, ಇದರಲ್ಲಿ ಬಣ್ಣ ಇದೆ, ಹುರುಪಿಲ್ಲ ಅಂದ. ಎರಡನೆಯದನ್ನು ನಾವೇ ಸುಧಾರಿಸೋಣ ಅಂತ ತೀರ್ಮಾನವಾಯಿತು. ನಾವು ಯಾವ ವಸ್ತುವನ್ನು ಕೊಟ್ಟ ಹಾಗೆಯೇ ಬಳಸಿದ್ದೇವೆ ಹೇಳಿ? ಹೊಸ ಬೈಕಿಗೆ ಮೇವಿನ ಹೊರೆ ಕಟ್ಟಲು ಕಬ್ಬಿಣದ ಸ್ಟ್ಯಾಂಡ್ ಬೆಸುಗೆ ಹಾಕಿಸುವ ಜನ ನಾವು.

ಸಕ್ಕರೆಯ ಬದಲು ಅಣ್ಣನ ಹೊಸ ಬೆಲ್ಲ. ಜೋಳ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಕುಟ್ಟಿ ಹಾಕಿದೆ. ಕಿತ್ತಳೆ ಸಿಪ್ಪೆ, ಒಂದು ಹಿಡಿ ಹವೀಜ. (ವಿದೇಶದಲ್ಲೂ ಬಿಯರಿಗೆ ಕೊತ್ತಂಬರಿ ಕಾಳು ಹಾಕುತ್ತಾರಂತೆ, ಮೊಬೈಲು ಹೇಳಿತು.) ಈರಪ್ಪನ ಹಟಕ್ಕೆ ಒಣಶುಂಠಿ. ಎಲ್ಲ ಕುದಿಸಿ, ಆರುವ ಮೊದಲೇ ಅವಸರದಿಂದ ಯೀಸ್ಟ್ ಸುರಿದೆ. ಬಿಸಿಗೆ ಅದು ಸತ್ತಿತು. ಆಗ ಗೊತ್ತಾಗಲಿಲ್ಲ.

ಎರಡು ದಿನವಾದರೂ ಒಂದು ಗುಳ್ಳೆ ಏಳಲಿಲ್ಲ. ನಮ್ಮ ಕಡೆಯವರು ಆಗ ಏನು ಮಾಡುತ್ತಾರೆ? ಹೆಪ್ಪು ಹಾಕುತ್ತಾರೆ. ನಾನೂ ಗಾಣದ ಪಕ್ಕದ ಅಣ್ಣನ ಮನೆಗೆ ಹೋಗಿ, ವೈನಿಯ (ಅತ್ತಿಗೆಯನ್ನು ನಾವು ಹಾಗೆ ಕರೆಯುವುದು) ಅಡುಗೆಮನೆಯಿಂದ ಒಂದು ಚಮಚ ಮೊಸರು ತಂದು ಹಾಕಿಬಿಟ್ಟೆ. ಹೆಪ್ಪಿಗೆ ಉಸಿರಾಡಲು ಗಾಳಿ ಬೇಕಲ್ಲ ಎಂದು ಮುಚ್ಚಳ ತೆಗೆದು ಬಿಳಿ ಅರಿವೆ ಕಟ್ಟಿದೆ. ಗುಳ್ಳೆ ಬಂದವು! ನಾನು ಗೆದ್ದೆ ಅಂದುಕೊಂಡೆ.

ವಾರ ಕಳೆಯುವಷ್ಟರಲ್ಲಿ ಗಾಣದ ಆಳುಗಳು ಆ ಕೋಣೆಗೆ ಕಾಲಿಡುವುದನ್ನು ಬಿಟ್ಟರು. ಅಷ್ಟು ನಾತ. ಅಣ್ಣ ಮಾತ್ರ ಮಧ್ಯಾಹ್ನ ಆ ಡಬ್ಬದ ಪಕ್ಕದಲ್ಲೇ ಹೊರಸು ಹಾಕಿಕೊಂಡು ಮಲಗುತ್ತಿದ್ದ. ತಮ್ಮನ ಬಿಯರು ಕಾಯುತ್ತಿದ್ದಾನೆ ಅಂದುಕೊಂಡೆ.

ಕೊನೆಗೆ ಮೂವರೂ ಕೂತು ರುಚಿ ನೋಡಿದೆವು. ಕುಡಿತದ ಗಂಧವಿಲ್ಲದ ಅಣ್ಣ, ತನ್ನ ಬೆಲ್ಲ ಇದರಲ್ಲಿ ಹೇಗೆ ಕೂತಿದೆ ನೋಡಬೇಕು ಎಂದು ಒಂದು ಲೋಟ ಇಸಿದುಕೊಂಡ. ಆಮೇಲೆ ಆದದ್ದು ಮೊದಲೇ ಹೇಳಿದೆ. (ಅಬಕಾರಿಯವರು ಯಾರಾದರೂ ಓದುತ್ತಿದ್ದರೆ: ಸ್ವಾಮಿ, ಅದು ಬಿಯರ್ ಆಗಲೇ ಇಲ್ಲ.)

ಈರಪ್ಪ ಊರಿಗೆ ಹೊರಟ ಮೇಲೆ ನಾನು ಡಬ್ಬ ತೊಳೆಯಲು ನೀರಿನ ತೊಟ್ಟಿಯ ಹತ್ತಿರ ಹೋದೆ. ವೈನಿ ಶಾಂತವ್ವ ಅಲ್ಲಿ ನಿಂತಿದ್ದಳು.

"ನಿನಗ ಇವತ್ತ ಗೊತ್ತಾತು ತಮ್ಮಾ," ಅಂದಳು. "ನನಗ ಎರಡ ವರ್ಷಾತು."

ಎರಡು ವರ್ಷದ ಹಿಂದೆ ಅಣ್ಣನಿಗೆ ದೊಡ್ಡ ಜ್ವರ ಬಂದಿತ್ತು. ಜ್ವರ ಹೋಯಿತು, ಮೂಗನ್ನೂ ನಾಲಿಗೆಯನ್ನೂ ತೆಗೆದುಕೊಂಡು ಹೋಯಿತು. ಹಾಲು ಸೀದು ಮನೆಯೆಲ್ಲ ಹೊಗೆ ತುಂಬಿದರೂ ಅವನು ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದನಂತೆ. ಆ ವರ್ಷ ಗಾಣ ಶುರುವಾದ ಮೊದಲ ದಿನ ಕೊಪ್ಪರಿಗೆಯ ಪಕ್ಕ ಕಣ್ಣು ಮುಚ್ಚಿ ನಿಂತ. ಮೂಸಿದ. ಮತ್ತೆ ಮೂಸಿದ. ಆಮೇಲೆ ಕಣ್ಣು ಬಿಟ್ಟು ಸುತ್ತ ನೋಡಿದ. ಚಹಾ ತಂದಿದ್ದ ವೈನಿ ಎದುರಿಗಿದ್ದಳು. ನಲವತ್ತು ವರ್ಷ ಅದೇ ಹೊಗೆಯಲ್ಲಿ ಬದುಕಿದವಳಿಗೆ ಪಾಕದ ವಾಸನೆ ತಿಳಿಯದೇ? ಪಾಕ ಹದಕ್ಕೆ ಬಂದ ಕೂಡಲೇ ಅವನನ್ನೇ ನೋಡುತ್ತ ಸೆರಗು ಎಳೆದು ತಲೆಯ ಮೇಲೆ ಹೊದ್ದುಕೊಂಡಳು. ಅಣ್ಣ "ಇಳಸ್ರಿ" ಅಂದ.

ಅಂದಿನಿಂದ ಪ್ರತಿ ಕೊಪ್ಪರಿಗೆಗೂ ಅದೇ. ಅವಳ ಸೆರಗು ತಲೆಗೆ ಬಂದರೆ ಬೆಲ್ಲ ಕೆಳಗೆ. ಇಬ್ಬರೂ ಇದರ ಬಗ್ಗೆ ಒಂದು ಮಾತು ಆಡಿಲ್ಲ. ಒಮ್ಮೆ ಅವಳು, ಉಂಡೆ ಕಟ್ಟಿಯಾದರೂ ನೋಡಲಿ ಎಂದು ತಣ್ಣೀರಿನ ಬಟ್ಟಲು ತಂದಿಟ್ಟಳಂತೆ. ಅಣ್ಣ ಬಟ್ಟಲು ನೋಡಿದ. ಬಾಗಿಲ ಮೇಲಿನ ನನ್ನ ಅಂಕಣ ನೋಡಿದ. ಬಟ್ಟಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

ನನಗೆ ಅಲ್ಲೇ ನೆಲ ಕುಸಿಯಬಾರದೇ ಅನ್ನಿಸಿತು. ನಮ್ಮಂಥ ಬರೆಯುವವರಿಗೆ ಹೊಗಳುವುದು ಪುಕ್ಕಟೆ. ನೂರು ಸಾಲು ಗೀಚಿ ಮುಂದಿನ ವಾರಕ್ಕೆ ಮರೆಯುತ್ತೇವೆ. ಹೊಗಳಿಸಿಕೊಂಡವನು ಅದನ್ನು ತಲೆಯ ಮೇಲೆ ಹೊತ್ತು ತಿರುಗಬೇಕು, ಕತ್ತು ನೋಯುತ್ತಿದ್ದರೂ. ಥರ್ಮಾಮೀಟರಿಗೆ ಕೈ ಹಾಕದಂತೆ ಅವನ ಕೈ ಕಟ್ಟಿದ್ದು ಜ್ವರವಲ್ಲ, ನಾನು.

ಯಾರಿಗೂ ಹೇಳಬಾರದು ಎಂದು ನಿರ್ಧರಿಸಿದ್ದೆ. ಆದರೆ ಕಳೆದ ಸೋಮವಾರ ಬೆಳಿಗ್ಗೆ ಅಣ್ಣ ಬಸ್ಸು ಹತ್ತಿ ಬನಹಟ್ಟಿಗೆ ಬಂದ. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಏನೋ ಇತ್ತು. ಬಿಚ್ಚಿದರೆ, ಕಟ್ಟು ಹಾಕಿಸಿದ ಅದೇ ಅಂಕಣ. ಬಾಗಿಲ ಮೇಲಿಂದ ಇಳಿಸಿ ತಂದಿದ್ದ.

ಹೆಂಡತಿ ಚಹಾ ಕೊಟ್ಟಳು. ಅವಳು ಒಳಗೆ ಹೋಗುವವರೆಗೆ ಕಾದು, ಆ ಬಿಯರು ಹೇಗಿತ್ತು, ಖರೆ ಹೇಳು ಅಂದ.

ನಾನು, ಈ ಹೇಡಿ, ಛಲೋ ಇತ್ತು ಅಂದೆ.

"ಈರಪ್ಪ ಬೇವಿನಗಿಡದ ಬುಡಕ ಉಗಳಿದ್ದು ಕಿಡಕ್ಯಾಗಿಂದ ನೋಡೇನಿ," ಅಂದ ಅಣ್ಣ. "ನೀವೆಲ್ಲಾರೂ ನನ್ನ ಮುಂದ ಛಲೋ ಐತಿ, ಛಲೋ ಐತಿ ಅಂತೀರಿ. ನಾನೂ ಅಂದೆ."

ಕೆಟ್ಟದ್ದೆಂದು ಗೊತ್ತಿದ್ದೇ ಅಷ್ಟನ್ನೂ ಕುಡಿದಿದ್ದ. ನಾನು ನೆಲ ನೋಡುತ್ತ ಕೂತೆ. ಅವನು ಕಟ್ಟಿನ ಗಾಜನ್ನು ಟವೆಲಿನಿಂದ ಒರೆಸಿದ. ಆಮೇಲೆ ನಿಧಾನವಾಗಿ, ಹೊಸ ಬೆಲ್ಲದ ವಾಸನೆ ಕನಸಿನಲ್ಲೂ ಬರುವುದಿಲ್ಲ, ಹೇಗಿತ್ತು ಎಂಬುದೇ ಮರೆತುಹೋಗಿದೆ ಅಂದ. ಅವನ ಕಣ್ಣು ಒಣಗಿದ್ದವು. ನನ್ನವು ಹಾಗಿರಲಿಲ್ಲ.

"ಮೂಗು ಐತಿ ಅಂತ ಬರದವ ನೀನ. ಹೋತು ಅಂತನೂ ನೀನ ಬರಿ," ಅಂದ. "ಮುಂದ ನಿನ್ನ ವೈನಿ ಹೆಸರು ಬರಿ."

ಬರೆದರೆ ಮುಂದಿನ ಸಲ ಯಾರೂ ಕಬ್ಬು ತರದೆ ಹೋದಾರು ಎಂದು ಎಚ್ಚರಿಸಿದೆ. ಅವನು ಕಪ್ಪನ್ನು ಒಮ್ಮೆ ನೋಡಿ, ಇದಕ್ಕೆ ಸಕ್ಕರೆ ಹಾಕಿದ್ದಾರೇನು ಎಂದು ನನ್ನನ್ನೇ ಕೇಳಿದ. ಹಾಕಿದ್ದಾರೆ ಅಂದೆ. ಉಳಿದದ್ದನ್ನು ಕುಡಿದು ಬಸ್ಸಿಗೆ ಹೊರಟ.

ಬರೆದಿದ್ದೇನೆ ಅಣ್ಣಾ. ಆ ಕಟ್ಟು ಈಗ ನನ್ನ ಮೇಜಿನ ಮೇಲೆ ಬೋರಲಾಗಿ ಬಿದ್ದಿದೆ.

ಎರಡು ವರ್ಷದಿಂದ ಆ ಗಾಣದ ಒಂದೊಂದು ಕೊಪ್ಪರಿಗೆಯನ್ನೂ ಇಳಿಸಿದ್ದು ನನ್ನ ವೈನಿ ಶಾಂತವ್ವ. ಗುರುಪಾದಪ್ಪನ ಮೂಗಿನ ಬೆಲ್ಲ ಎಂದು ನೀವು ಬಾಯಿ ಚಪ್ಪರಿಸಿ ತಿಂದದ್ದು ಅವಳ ಬೆಲ್ಲ. ಪಾಕ ನೋಡುವುದು ಗಂಡಸರ ಕೆಲಸ ಎನ್ನುವ ನಮ್ಮ ಕಡೆಯ ಯಜಮಾನರೇ, ಮುಂದಿನ ಹಂಗಾಮಿಗೆ ನಿಮ್ಮ ಕಬ್ಬಿನ ಗಾಡಿ ಬೆಳಗಲಿಯ ಆ ಗಾಣದ ಮುಂದೆ ನಿಲ್ಲುತ್ತದೋ, ದಾಟಿ ಹೋಗುತ್ತದೋ?